ಹಗ್ಗ ಹಿಡಿದವನು

ದಫೇದಾರರು ಮೀಟರಿನ ಬಟನ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಪರದೆಯ ಮೇಲಿನ ಹಸಿರು ಅಂಕಿ ಕದಲಲಿಲ್ಲ.

"ಇದು ಆಫ್ ಆಗೋ ಲಕ್ಷಣನೇ ಕಾಣ್ತಿಲ್ಲ ಮೇಡಂ."

"ಒತ್ತಿ ಹಿಡ್ಕೊಳ್ಳಿ. ಅದಾಗೇ ಸುಮ್ಮನಾಗೋ ತನಕ ಬಿಡಬೇಡಿ."

ದಫೇದಾರರು ಹೆಬ್ಬೆರಳು ಊರಿ ಹಿಡಿದರು. ಅಂಗೈಯಲ್ಲಿ ಅಡಗುವಷ್ಟಿದ್ದ ಆ ಹಳದಿ ಪೆಟ್ಟಿಗೆ ಕುಂಯ್ ಎಂದಿತು, ಮತ್ತೆ ಕುಂಯ್ ಎಂದಿತು, ಬೇಡ ಬೇಡ ಎಂದು ಗೋಗರೆಯುವ ಹಾಗೆ ಕುಂಯ್‌ಗುಟ್ಟುತ್ತಲೇ ಇದ್ದು ಕೊನೆಗೆ ಕಣ್ಣು ಮುಚ್ಚಿತು.

"ಕೈತಪ್ಪಿ ಆಫ್ ಆಗೋ ಸಾಮಾನಲ್ಲ ಇದು," ಎಂದರು ಇನ್ಸ್‌ಪೆಕ್ಟರಮ್ಮ. ಮೇಜಿನ ಕೆಳಗೆ ಒಂದು ಬೂಟಿನಿಂದ ಕಾಲು ಹೊರತೆಗೆದು ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡರು. ಬೆಳಿಗ್ಗೆಯಿಂದ ಅದು ಒಂದೇ ಸಮನೆ ಸೆಳೆಯುತ್ತಿತ್ತು.

ತಂಪು ಪಾನೀಯದ ಆ ಕಾರ್ಖಾನೆಯಲ್ಲಿ ಹೊಸ ಕಾರ್ಬನ್ ಡೈಆಕ್ಸೈಡ್ ಟ್ಯಾಂಕನ್ನು ಚಾಲೂ ಮಾಡಲು ಬಂದಿದ್ದ ಇಂಜಿನಿಯರ್, ಮೊನ್ನೆ ಮಧ್ಯಾಹ್ನ ಟ್ಯಾಂಕಿನ ಪಕ್ಕದ ವಾಲ್ವ್ ಗುಂಡಿಯಲ್ಲಿ ಉಸಿರುಕಟ್ಟಿ ಸತ್ತುಬಿದ್ದಿದ್ದರು. ಗ್ಯಾಸು ಸುಳಿದರೆ ಕೂಗಬೇಕಾದ ಈ ಮೀಟರು ಅವರ ಕಾಲರಿನಲ್ಲೇ ಇದ್ದೂ ಕೂಗಿರಲಿಲ್ಲ.

ಆನ್ ಮಾಡೋದು ಮರೆತುಬಿಟ್ಟಿದ್ದಾರೆ ಪಾಪ, ಎಂದು ಇಡೀ ಕಾರ್ಖಾನೆ ಒಂದೇ ಬಾಯಲ್ಲಿ ಹೇಳಿತ್ತು. ಅದೇ ಕಾರ್ಖಾನೆ ಆ ಮನುಷ್ಯನನ್ನು ಮೇಷ್ಟ್ರು ಎಂದು ಕರೆಯುತ್ತಿತ್ತು. ಚಹಾ ತಂದವನನ್ನೂ ನಿಲ್ಲಿಸಿಕೊಂಡು ಈ ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತೆ ಎಂದು ಪಾಠ ಹೇಳುತ್ತಿದ್ದವರು. ಕೆಲಸಕ್ಕೆ ಇಳಿಯುವ ಮುಂಚೆ ಮೀಟರಿನ ಮೇಲೆ ಬಾಯಿಂದ ಊದಿ, ಅದು ಅರಚಿದ ಮೇಲೇ ಕಾಲರಿಗೆ ಸಿಕ್ಕಿಸುತ್ತಿದ್ದವರು. ಅಂಥವರು ಮರೆತರಂತೆ.

ದಫೇದಾರರು ಮೀಟರನ್ನು ಮತ್ತೆ ಆನ್ ಮಾಡಿ, ಮೇಷ್ಟ್ರ ಹಾಗೆಯೇ ಊದಿದರು. ಅದು ಕಿವಿ ಕಿತ್ತುಹೋಗುವಂತೆ ಅರಚಿತು.

"ನನ್ನ ಉಸಿರನ್ನೇ ವಿಷ ಅಂತಿದೆ ಮೇಡಂ ಇದು."

"ನಿಮ್ಮ ಮನೆಯವರು ಇಷ್ಟು ವರ್ಷದಿಂದ ಅದನ್ನೇ ಹೇಳ್ತಿಲ್ವಾ. ಆಫ್ ಮಾಡಿ."

ಇಬ್ಬರೂ ನಗಲಿಲ್ಲ. ನಗುವಷ್ಟು ನಿದ್ದೆ ಇಬ್ಬರಿಗೂ ಆಗಿರಲಿಲ್ಲ.

ಬಾಗಿಲು ತಟ್ಟದೆ ಮ್ಯಾನೇಜರ್ ಒಳಗೆ ಬಂದರು. ಪೊಲೀಸರಿಗೆ ಬಿಟ್ಟುಕೊಟ್ಟಿದ್ದು ಅವರದೇ ಕೋಣೆ. ತಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕೂತದ್ದನ್ನು ನೋಡಿ ಪ್ರತಿ ಸಲವೂ ಅವರ ಮುಖ ಒಂದಿಷ್ಟು ಚಿಕ್ಕದಾಗುತ್ತಿತ್ತು.

"ಮೇಡಂ, ಇವತ್ತಾದ್ರೂ ಲಿಕ್ವಿಡ್ ಇಳಿಸ್ಕೋಬೇಕು. ಟ್ಯಾಂಕರ್ ಬಂದು ಬಿಸಿಲಲ್ಲಿ ನಿಂತಿದೆ. ಲೈನ್ ನಿಂತಿದೆ. ಗ್ಯಾಸಿಲ್ಲದ ಶರಬತ್ತನ್ನ ಯಾರು ಕುಡೀತಾರೆ ಹೇಳಿ?"

"ಹೊಸ ಟ್ಯಾಂಕಿಗೆ ನೇರ ಲಿಕ್ವಿಡ್ಡೇ ಇಳಿಸ್ತೀರಾ?"

"ಛೆ ಛೆ. ಹಾಗೆ ಇಳಿಸಿದ್ರೆ ಒಳಗೇ ಹಿಮದ ಗಡ್ಡೆ ಆಗುತ್ತೆ, ಉಕ್ಕು ಅತಿಯಾಗಿ ತಣ್ಣಗಾಗಿ ಗಾಜಿನ ಹಾಗೆ ಪೆಡಸಾಗುತ್ತೆ. ಮೊದಲು ಬರೀ ಗ್ಯಾಸ್ ಬಿಟ್ಟು ಒತ್ತಡ ಏರಿಸ್ಬೇಕು. ಅದು ಆಗಿದೆ. ಗುತ್ತಿಗೆದಾರರೇ ನಿಂತು ಮುಗಿಸಿದ್ರು."

"ಯಾವಾಗ?"

"ಮೇಷ್ಟ್ರ... ಅದಾದ ಮೇಲೆ. ಅವತ್ತು ಸಂಜೆನೇ."

"ಭಾವನ ಹೆಣ ಆಸ್ಪತ್ರೆಗೆ ಹೋದ ಸಂಜೆ, ಭಾಮೈದ ಇಲ್ಲಿ ಗ್ಯಾಸ್ ತುಂಬಿಸ್ತಾ ನಿಂತಿದ್ರು."

ಟ್ಯಾಂಕನ್ನು ತಂದು ನಿಲ್ಲಿಸಿದ ಗುತ್ತಿಗೆದಾರ, ಸತ್ತ ಮೇಷ್ಟ್ರ ಹೆಂಡತಿಯ ಒಡಹುಟ್ಟಿದ ತಮ್ಮ. ಈ ಮಾತು ಎಲ್ಲರಿಗೂ ಗೊತ್ತಿತ್ತು. ಹೀಗೆ ಒಟ್ಟಿಗೆ ಇಟ್ಟು ಯಾರೂ ನೋಡಿರಲಿಲ್ಲ.

"ನಾನು ಹೇಳೋ ತನಕ ಒಂದು ಹನಿ ಇಳಿಸಬೇಡಿ," ಎಂದರು ಇನ್ಸ್‌ಪೆಕ್ಟರಮ್ಮ.

"ಕಾರಣ ಕೇಳಬಹುದಾ?"

"ಕೇಳಬಹುದು. ಹೇಳೋಕೆ ನನ್ನ ಹತ್ರ ಇನ್ನೂ ಇಲ್ಲ."

ಮ್ಯಾನೇಜರ್ ಹೋದ ಹಿಂದೆಯೇ ಫೋನು ಹೊಡೆದುಕೊಂಡಿತು. ಶವಪರೀಕ್ಷೆ ಮಾಡಿದ ಡಾಕ್ಟರ್. ಅವರ ದನಿಯೂ ಸೋತಿತ್ತು.

"ಇನ್ನೊಂದು ವಿಷಯ. ಕಂಕುಳ ಕೆಳಗೆ, ತೊಡೆ ಸಂದಿನಲ್ಲಿ ಪಟ್ಟಿ ಪಟ್ಟಿ ಕಂದಿದೆ. ಅಗಲವಾದ ಬೆಲ್ಟು ಬಿಗಿದು ಜೋರಾಗಿ ಎಳೆದ ಹಾಗೆ. ಸತ್ತ ಮೇಲೆ ಆದ ಗಾಯ ಅಲ್ಲ. ಜೀವ ಇದ್ದಾಗಲೇ ಆಗಿದ್ದು."

"ಬಟ್ಟೆ?"

"ಕಳಿಸಿದೀನಿ. ಪ್ಯಾಂಟಿನ ಮೊಣಕಾಲು ನೋಡಿ. ನನಗೇನೂ ಅರ್ಥ ಆಗಲಿಲ್ಲ."

ಬಟ್ಟೆಯ ಪೊಟ್ಟಣ ಆಗಲೇ ಬಂದು ಮೂಲೆಯಲ್ಲಿ ಕೂತಿತ್ತು. ಇನ್ಸ್‌ಪೆಕ್ಟರಮ್ಮ ಕೈಗವಸು ಹಾಕಿಕೊಂಡು ಪ್ಯಾಂಟನ್ನು ಬಿಡಿಸಿದರು. ಎರಡೂ ಮೊಣಕಾಲಿನ ಮೇಲೆ ಕೆಂಪು. ರಕ್ತವಲ್ಲ, ಉಜ್ಜಿದರೆ ಬೆರಳ ತುದಿಗೆ ಒಣ ಪುಡಿಯಾಗಿ ಹತ್ತಿಕೊಂಡಿತು. ಮಡಿಕೆಯಲ್ಲಿ ಅದೇ ಬಣ್ಣದ ತೆಳ್ಳನೆಯ ಹೊಪ್ಪಳೆ ಸಿಕ್ಕಿಕೊಂಡಿತ್ತು. ತುಕ್ಕು.

ಅವರು ಬೂಟು ಮೆಟ್ಟಿಕೊಂಡು ಎದ್ದರು.

ಟ್ಯಾಂಕು ಕಾರ್ಖಾನೆಯ ಹಿಂಬದಿಯ ಅಂಗಳದಲ್ಲಿ, ಎರಡು ಕಾಂಕ್ರೀಟ್ ಪೀಠಗಳ ಮೇಲೆ ಅಡ್ಡಡ್ಡ ಮಲಗಿತ್ತು. ಬಸ್ಸನ್ನು ನುಂಗಿದ ಹಾಗೆ ದಪ್ಪ, ಹಾಲಿನ ಹಾಗೆ ಬಿಳುಪು. ಒಂದು ತುದಿಯಲ್ಲಿ ಎದೆಮಟ್ಟಕ್ಕೆ ದುಂಡನೆಯ ಉಕ್ಕಿನ ಬಾಗಿಲು, ಸುತ್ತಲೂ ಬೋಲ್ಟು. ಬಾಗಿಲಿನಿಂದ ನಾಲ್ಕು ಹೆಜ್ಜೆಯಾಚೆ ಆ ವಾಲ್ವ್ ಗುಂಡಿ.

ಗುಂಡಿಯ ಸುತ್ತ ಪೊಲೀಸ್ ಪಟ್ಟಿ ಕಟ್ಟಿತ್ತು. ಇನ್ಸ್‌ಪೆಕ್ಟರಮ್ಮ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟಾರ್ಚ್ ಬಿಟ್ಟರು. ಬೂದು ಸಿಮೆಂಟು. ಬೂದು ಧೂಳು. ಹೊಸ ಪೈಪು, ಹೊಸ ವಾಲ್ವು. ಅಂಗಳದ ನೆಲವೂ ಬೂದು.

"ಕೆಂಪು ಎಲ್ಲೂ ಇಲ್ಲ," ಎಂದರು ದಫೇದಾರರು.

"ನಾವು ನೋಡದೆ ಇರೋ ಜಾಗ ಒಂದೇ ಇದೆ."

ದಫೇದಾರರು ಅವರ ಕಣ್ಣಿನ ಜಾಡು ಹಿಡಿದು ಆ ದುಂಡು ಬಾಗಿಲನ್ನು ನೋಡಿದರು. "ಆದ್ರೆ ಮೇಡಂ, ಅದು ಹೊಸ ಟ್ಯಾಂಕು."

"ಹೊರಗಿನ ಬಣ್ಣ ಹೊಸದು."

ಅಂಗಳದ ಇನ್ನೊಂದು ಬದಿಯಲ್ಲಿ ಟ್ಯಾಂಕರ್ ಲಾರಿ ನಿಂತಿತ್ತು. ಅದರ ಚಾಲಕ ಚಕ್ರಕ್ಕೆ ಒರಗಿ ನೆರಳಿನಲ್ಲಿ ಕೂತಿದ್ದವನು ಪೊಲೀಸರನ್ನು ಕಂಡು ಎದ್ದುನಿಂತ. ಗಡ್ಡ ಬೆಳೆದಿತ್ತು. ಲಾರಿಯಲ್ಲೇ ಮಲಗಿ ಎದ್ದು ಅಂಗಿ ಮುದ್ದೆಯಾಗಿತ್ತು.

"ನನ್ನನ್ನ ಯಾವಾಗ ಬಿಡ್ತೀರಿ ಮೇಡಂ? ನನ್ನ ಗಾಡಿ ತುಂಬು ಬಸುರಿ ಹಾಗೆ ನಿಂತಿದೆ. ಬಿಸಿಲಿಗೆ ಒಳಗೆ ಪ್ರೆಷರ್ ಏರುತ್ತೆ, ಆಗಾಗ ನಿಟ್ಟುಸಿರು ಬಿಡುತ್ತೆ. ಅದರ ಜೊತೆ ನಾನೂ ಬಿಡ್ತೀನಿ."

"ಮೊನ್ನೆ ಗ್ಯಾಸ್ ಬಿಟ್ಟಿದ್ದು ನೀವೇ ತಾನೇ?"

"ನಾನೇ. ಎರಡು ಸಲ."

ಇನ್ಸ್‌ಪೆಕ್ಟರಮ್ಮ ಒಮ್ಮೆ ದಫೇದಾರರ ಕಡೆ ನೋಡಿದರು. "ಎರಡು ಸಲ ಅಂತ ಯಾರೂ ಹೇಳಲಿಲ್ಲವಲ್ಲ."

"ಯಾರೂ ಕೇಳಲಿಲ್ಲವಲ್ಲ. ಊಟದ ಹೊತ್ತಿಗೆ ಒಂದು ಸಲ ಬಿಟ್ಟೆ. ಸ್ವಲ್ಪ ಹೊತ್ತಿಗೇ ಗುತ್ತಿಗೆದಾರರು ಆ ಕಡೆಯಿಂದ ಎರಡೂ ಕೈ ಬೀಸ್ಕೊಂಡು ಬಂದು ನಿಲ್ಲಿಸು ನಿಲ್ಲಿಸು ಅಂದ್ರು. ನಿಲ್ಲಿಸಿದೆ. ಎಲ್ಲೋ ಸೋರ್ತಿರಬೇಕು ಅಂದ್ಕೊಂಡೆ. ಆಮೇಲೆ ಸಂಜೆ ಇನ್ನೊಂದು ಸಲ."

"ಮೊದಲನೇ ಸಲ ಬಿಡು ಅಂದಿದ್ದು ಯಾರು?"

"ಮೇಷ್ಟ್ರು."

"ಬಾಯಿಬಿಟ್ಟು ಹೇಳಿದ್ರಾ?"

"ಇಲ್ಲಿ ಇಂಜಿನ್ ಸದ್ದಿನಲ್ಲಿ ಬಾಯಿ ಮಾತು ಎಲ್ಲಿ ಕೇಳುತ್ತೆ? ಟ್ಯಾಂಕಿನ ಆ ಮೂಲೆಯಲ್ಲಿ ನಿಂತು ಕೈ ಎತ್ತಿ ತೋರಿಸಿದ್ರು. ಬಿಳಿ ಹೆಲ್ಮೆಟ್ಟು. ಇಲ್ಲಿ ಮಿಕ್ಕವರದೆಲ್ಲ ಹಳದಿ. ಬಿಳಿ ಅವರೊಬ್ಬರದೇ."

"ಮುಖ ನೋಡಿದ್ರಾ?"

ಚಾಲಕ ಟ್ಯಾಂಕಿನ ಆ ಮೂಲೆಯ ಕಡೆ ತಿರುಗಿ ನೋಡಿದ. ನೆನಪಿನಲ್ಲಿ ಹುಡುಕುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. "ಹೆಲ್ಮೆಟ್ ನೋಡಿದೆ," ಎಂದ ಕೊನೆಗೆ, ದನಿ ಇಳಿಸಿ. "ಯಾಕೆ ಮೇಡಂ? ನಾನು ಗ್ಯಾಸ್ ಬಿಟ್ಟಾಗ... ಅವರು ಆಗ ಎಲ್ಲಿದ್ರು?"

ಉತ್ತರ ಇನ್ಸ್‌ಪೆಕ್ಟರಮ್ಮನ ನಾಲಿಗೆಯ ಮೇಲೇ ಇತ್ತು. ಈ ಮನುಷ್ಯ ಇವತ್ತು ರಾತ್ರಿಯೂ ಆ ಲಾರಿಯಲ್ಲೇ ಒಬ್ಬನೇ ಮಲಗಬೇಕು.

"ಹೇಳ್ತೀನಿ. ಈಗಲ್ಲ. ಊಟ ಮಾಡಿದ್ರಾ?"

"ಇಲ್ಲ."

"ಮಾಡಿ ಹೋಗಿ."

ವಾಪಸು ನಡೆಯುವಾಗ ಇನ್ಸ್‌ಪೆಕ್ಟರಮ್ಮನ ಫೋನು ನಡುಗಿತು. ಗಂಡ. "ಮಧ್ಯಾಹ್ನ ಬರ್ತೀಯಾ ಊಟಕ್ಕೆ?"

"ನೋಡ್ತೀನಿ."

"ನೋಡ್ತೀನಿ ಅಂದ್ರೆ ಬರಲ್ಲ ಅಂತ."

"ಹೂಂ."

"ಸರಿ. ಮುಚ್ಚಿಟ್ಟಿರ್ತೀನಿ." ಅಷ್ಟಕ್ಕೇ ಫೋನಿಟ್ಟರು. ಬೇಸರ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ಗುತ್ತಿಗೆದಾರನ ತಗಡಿನ ಶೆಡ್ಡು ಟ್ಯಾಂಕಿಗೆ ಅಂಟಿಕೊಂಡ ಹಾಗೇ ಇತ್ತು. ಒಳಗೆ ಮೇಷ್ಟ್ರ ಹೆಂಡತಿ ಗಂಡನ ಸಾಮಾನು ಒಯ್ಯಲು ಬಂದಿದ್ದರು. ಒಂದು ಚೀಲ, ಒಂದು ಬದಲಿ ಅಂಗಿ, ಕನ್ನಡಕದ ಡಬ್ಬಿ. ಅಂಗಿಯನ್ನು ಮಡಿಚುತ್ತಿದ್ದರು, ಬಿಡಿಸಿ ಮತ್ತೆ ಮಡಿಚುತ್ತಿದ್ದರು. ಗುತ್ತಿಗೆದಾರ ಬಾಗಿಲಲ್ಲಿ ನಿಂತು ಅಕ್ಕನ ಕಡೆಗೂ ನೋಡದೆ ಹೊರಗೂ ನೋಡದೆ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಅಂಗೈಗೆ ಅಡ್ಡಲಾಗಿ ಚರ್ಮ ಕಿತ್ತುಹೋದ ಗೆರೆ, ಮಾಯುತ್ತಾ ಬಂದಿತ್ತು.

"ಸ್ವಲ್ಪ ಬನ್ನಿ," ಎಂದರು ಇನ್ಸ್‌ಪೆಕ್ಟರಮ್ಮ.

ಟ್ಯಾಂಕಿನ ದುಂಡು ಬಾಗಿಲಿನ ಮುಂದೆ ಅವನನ್ನು ನಿಲ್ಲಿಸಿದರು. ದಫೇದಾರರು ಎರಡು ಹೆಜ್ಜೆ ಹಿಂದೆ ನಿಂತರು.

"ಕೈಗೇನಾಯ್ತು?"

"ಕಬ್ಬಿಣದ ಕೆಲಸ ಅಲ್ವಾ ಮೇಡಂ. ಏನಾದ್ರೂ ತರಚ್ತಾ ಇರುತ್ತೆ."

"ಅದು ಹಗ್ಗದ ಗಾಯ."

ಅವನು ಕೈ ಮಡಿಚಿಕೊಂಡ.

"ಇಂಥ ಟ್ಯಾಂಕಿನೊಳಗೆ ಮನುಷ್ಯ ಇಳಿದ್ರೆ ತೊಡೆಗೆ, ಭುಜಕ್ಕೆ ಬೆಲ್ಟು ಕಟ್ತಾರೆ. ಬೆಲ್ಟಿಗೆ ಹಗ್ಗ. ಹಗ್ಗದ ತುದಿ ಹಿಡ್ಕೊಂಡು ಹೊರಗೊಬ್ಬ ನಿಂತಿರ್ತಾನೆ. ಒಳಗಿರೋರಿಗೆ ಏನಾದ್ರೂ ಆದ್ರೆ ಎಳೆಯೋದು ಅವನ ಕೆಲಸ. ನಿಮ್ಮ ಭಾವ ಒಳಗೆ ಹೋಗಿದ್ರು. ಹೊರಗೆ ಹಗ್ಗ ಹಿಡಿದು ನಿಂತಿದ್ದು ನೀವು."

"ಭಾವ ಸಿಕ್ಕಿದ್ದು ಗುಂಡೀಲಿ."

"ಗುಂಡೀಲಿ ತುಕ್ಕಿಲ್ಲ. ಅವರ ಮೊಣಕಾಲಿನ ತುಂಬ ತುಕ್ಕಿದೆ." ಇನ್ಸ್‌ಪೆಕ್ಟರಮ್ಮ ದನಿ ಏರಿಸಲಿಲ್ಲ. ಏರಿಸುವ ಶಕ್ತಿಯೂ ಇರಲಿಲ್ಲ. "ಹೊಸ ಟ್ಯಾಂಕಿನ ಒಳಗೆ ತುಕ್ಕು ಎಲ್ಲಿಂದ ಬಂತು?"

ಗುತ್ತಿಗೆದಾರ ಬಾಗಿಲಿನ ಬೋಲ್ಟಿನ ಮೇಲೆ ಕೈಯಿಟ್ಟ. ಅದನ್ನೇ ಹಿಡಿದುಕೊಂಡು ನಿಂತ.

"ಗುಜರಿಗೆ ಬಂದಿದ್ದ ಟ್ಯಾಂಕು," ಎಂದ. "ಹೊರಗಿನ ತಗಡು, ಫೋಮು ಎಲ್ಲ ನಾನೇ ಹೊಸದು ಹಾಕಿಸ್ದೆ. ಒಳಗಿನದು ಹಳೇದು. ತಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ. ನಿಜವಾಗ್ಲೂ ಅಂದ್ಕೊಂಡಿದ್ದೆ ಮೇಡಂ."

"ತಡ್ಕೊಳ್ಳುತ್ತಾ?"

"ಭಾವ ಒಳಗಿಂದ ಕೂಗಿ ಹೇಳಿದ್ರು. ಬೆಸುಗೆ ಪಕ್ಕದಲ್ಲಿ ಬಿರುಕಿದೆ ಕಣೋ ಅಂತ."

ಇನ್ಸ್‌ಪೆಕ್ಟರಮ್ಮ ತಲೆ ತಿರುಗಿಸದೆ ಹೇಳಿದರು. "ದಫೇದಾರ್ರೇ, ಮ್ಯಾನೇಜರಿಗೆ ಹೇಳಿ ಬನ್ನಿ. ಲಿಕ್ವಿಡ್ ಇಳಿಸೋ ಮಾತೇ ಇಲ್ಲ. ಈಗಿರೋ ಗ್ಯಾಸನ್ನ ತೆಗೆಸೋಕೆ ಬೇರೆ ತಿಳಿದವರನ್ನ ಕರೆಸ್ಲಿ. ಅಲ್ಲಿ ತನಕ ಈ ಅಂಗಳದಲ್ಲಿ ಯಾರೂ ಕೆಲಸ ಮಾಡೋ ಹಾಗಿಲ್ಲ. ಕಾರಣ ಕೇಳಿದ್ರೆ, ಈಗ ಇದೆ ಅನ್ನಿ."

ದಫೇದಾರರು ಓಡಿದರು. ಅವರು ಓಡಿದ್ದನ್ನು ಇನ್ಸ್‌ಪೆಕ್ಟರಮ್ಮ ಎಷ್ಟೋ ಕಾಲದಿಂದ ನೋಡಿರಲಿಲ್ಲ.

"ಇನ್ನು ಹೇಳಿ. ಸರಿಯಾಗಿ, ಮೊದಲಿಂದ."

"ಬಾಗಿಲು ಮುಚ್ಚೋಕೆ ಮುಂಚೆ ಭಾವ ಟಾರ್ಚ್ ಬಿಟ್ಟು ನೋಡಿದ್ರು. ಕೆಂಪು ಕಾಣಿಸ್ತು. ನನ್ನ ಮುಖ ನೋಡಿದ್ರು. ಹೆಲ್ಮೆಟ್ ಬಾಗಿಲಲ್ಲಿ ತೂರಲ್ಲ ಅಂತ ತೆಗೆದು ಇಲ್ಲಿಟ್ಟು, ಬೆಲ್ಟ್ ಕಟ್ಕೊಂಡು ಒಳಗೆ ಹೋದ್ರು. ಟ್ಯಾಂಕರಿನ ಪೈಪು ಆಗ್ಲೇ ಜೋಡಿಸಿ ಆಗಿತ್ತು. ಬಿಚ್ಚಿಸಿ ಹೋಗ್ಬೇಕಿತ್ತು. ಸಿಟ್ಟಿನಲ್ಲಿದ್ರು."

"ನೀವು ಹಗ್ಗ ಹಿಡಿದ್ರಿ."

"ಹಿಡಿದೆ. ಬಿರುಕಿದೆ ಅಂತ ಅವರು ಅಂದ ಮೇಲೆ..." ಅವನು ಬೋಲ್ಟಿನಿಂದ ಕೈ ತೆಗೆದ. "ನನಗೆ ಅಲ್ಲಿ ನಿಲ್ಲೋಕಾಗ್ಲಿಲ್ಲ. ಹಗ್ಗದ ತುದೀನ ಆ ಕಂಬಕ್ಕೆ ಕಟ್ಟಿ ಶೆಡ್ಡಿನ ಹಿಂದಕ್ಕೆ ಹೋದೆ. ಮುಖಕ್ಕೆ ನೀರು ಹಾಕ್ಕೊಂಡೆ. ಅಷ್ಟರಲ್ಲಿ ಮೀಟರ್ ಅರಚೋದು ಕೇಳಿಸ್ತು. ಓಡಿ ಬಂದ್ರೆ ಬಾಗಿಲಿನಿಂದ ಗ್ಯಾಸು ಬಿಳಿ ಹೊಗೆ ಹಾಗೆ ಸುರೀತಿದೆ. ನೆಲದ ಮೇಲೆ ಹರ್ಕೊಂಡು ಆ ಗುಂಡಿಗೆ ಇಳೀತಿದೆ. ನಾನು ಉಸಿರು ಬಿಗಿಹಿಡಿದು ಎಳೆದೆ."

"ಬಿಳಿ ಹೆಲ್ಮೆಟ್ ಎಲ್ಲಿತ್ತು ಆಗ?"

"ಗೊತ್ತಿಲ್ಲ."

"ಅದನ್ನ ಹಾಕ್ಕೊಂಡು ಚಾಲಕನಿಗೆ ಕೈ ತೋರಿಸಿದ್ದು ನೀವಲ್ವಾ?"

"ನಾನ್ಯಾಕೆ ತೋರಿಸ್ಲಿ?" ಮೊದಲ ಸಲ ಅವನು ತಲೆಯೆತ್ತಿ ನೋಡಿದ. ಕಣ್ಣು ಕೆಂಪಗಿತ್ತು. "ನಾನು ಮೋಸ ಮಾಡಿದೀನಿ. ಜೈಲಿಗೆ ಹಾಕಿ. ಆದ್ರೆ ಅವರನ್ನ ಎಳೆದು ಹೊರಗೆ ಹಾಕಿದಾಗ ಭಾವನ ಉಸಿರಿತ್ತು ಮೇಡಂ. ಭಾವ ಸತ್ತಿರಲಿಲ್ಲ."

ಸತ್ತ ಮೇಲೆ ಆದ ಗಾಯ ಅಲ್ಲ ಎಂದಿದ್ದರು ಡಾಕ್ಟರ್.

"ಆಮೇಲೆ?"

"ಎತ್ತಿ ಶೆಡ್ಡಿನ ಗೋಡೆಗೆ ಒರಗಿಸ್ದೆ. ಉಸಿರಾಡ್ಲಿ ಅಂತ ಬೆಲ್ಟ್ ಬಿಚ್ಚಿದೆ. ಎದೆ ಏರಿಳೀತಿತ್ತು. ಮೀಟರ್ ಒಂದೇ ಸಮ ಅರಚ್ತಾ ಇತ್ತು, ತಲೆ ಕೆಟ್ಟುಹೋಗೋ ಹಾಗೆ. ಅದನ್ನ ಒತ್ತಿ ಹಿಡಿದು ಆಫ್ ಮಾಡಿದೆ. ಟ್ಯಾಂಕರ್ ನಿಲ್ಲಿಸೋಕೆ ಹೇಳಿ ಬಂದೆ. ಫೋನುಗಳನ್ನೆಲ್ಲ ಗೇಟಿನಲ್ಲೇ ಇಡಿಸ್ಕೋತಾರೆ, ಆಂಬುಲೆನ್ಸಿಗೆ ಹೇಳೋಕೆ ಗೇಟಿಗೆ ಓಡಿದೆ. ಫೋನ್ ಹಚ್ಚಿ ಮಾತಾಡ್ತಿರೋವಾಗ್ಲೇ ಗುಂಡೀಲಿ ಹೆಣ ಇದೆ ಅಂತ ಜನ ಕೂಗ್ತಾ ಬಂದ್ರು."

"ಆಮೇಲೆ ಬಾಗಿಲು ಮುಚ್ಚಿ ಬೋಲ್ಟ್ ಬಿಗಿದ್ರಿ. ಒಳಗಿನ ತುಕ್ಕು ಯಾರಿಗೂ ಕಾಣಬಾರದು ಅಂತ. ಸಂಜೆ ಗ್ಯಾಸ್ ತುಂಬಿಸಿದ್ರಿ. ಇನ್ನು ಯಾರೂ ತೆರೆಯೋ ಹಾಗಿಲ್ಲ ಅಂತ."

"ಹೌದು."

"ಪ್ರಜ್ಞೆ ಇಲ್ಲದ ಮನುಷ್ಯನ್ನ ಒಬ್ಬರನ್ನೇ ಬಿಟ್ಟು ಗೇಟಿಗೆ ಓಡಿದ್ರಾ?"

ಅವನ ಕಣ್ಣು ಶೆಡ್ಡಿನ ಕಡೆ ಹೋಗಿ ಬಂತು.

"ಯಾರ ಹತ್ರ ಬಿಟ್ಟು ಹೋದ್ರಿ?"

"ಯಾರೂ ಇರಲಿಲ್ಲ."

"ನೋಡಿ, ಇಷ್ಟು ಹೊತ್ತು ನಿಜ ಹೇಳಿದ್ರಿ. ಈಗ ನಿಮ್ಮ ಕಿವಿ ಕೆಂಪಾಯ್ತು."

"ನಾನೇ ಕೊಂದೆ ಅಂತ ಬರ್ಕೊಳ್ಳಿ ಮೇಡಂ. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ. ಮುಗಿಸಿಬಿಡಿ."

ಈ ದನಿಯನ್ನು ಇನ್ಸ್‌ಪೆಕ್ಟರಮ್ಮ ಈ ಕೆಲಸದಲ್ಲಿ ಹಲವು ಸಲ ಕೇಳಿದ್ದರು. ತನ್ನ ತಲೆ ಉಳಿಸಿಕೊಳ್ಳುವವರು ಹೀಗೆ ಮಾತಾಡುವುದಿಲ್ಲ. ಬರೆದುಕೊಂಡು ಮುಗಿಸಿಬಿಟ್ಟರೆ ಇವತ್ತು ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟು ಕೂರಬಹುದು ಎಂಬ ಆಸೆ ಒಂದು ಕ್ಷಣ ನಿಜವಾಗಿಯೂ ಬಂತು.

"ನನ್ನ ಹತ್ರ ಬಿಟ್ಟು ಹೋದ."

ತಗಡಿನ ಗೋಡೆಯ ಆಚೆಯಿಂದ ಬಂದ ಮಾತು. ಮೇಷ್ಟ್ರ ಹೆಂಡತಿ ಶೆಡ್ಡಿನಿಂದ ಹೊರಗೆ ಬಂದರು. ಮಡಿಚಿದ ಅಂಗಿ ಇನ್ನೂ ಕೈಯಲ್ಲಿತ್ತು.

"ಅಕ್ಕಾ, ನೀನು ಒಳಗಿರು."

"ಎಷ್ಟು ದಿನ ಅಂತ ಒಳಗಿರ್ಲಿ?" ಆಕೆ ಇನ್ಸ್‌ಪೆಕ್ಟರಮ್ಮನ ಎದುರಿಗೆ ಬಂದು ನಿಂತರು. "ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಹೇಳಿದ್ರು, ನಿನ್ನ ತಮ್ಮ ತಂದಿರೋ ಟ್ಯಾಂಕಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ. ನನಗೆ ನಿದ್ದೆ ಬರ್ಲಿಲ್ಲ. ಬೇರೆ ಯಾರ ಕಿವಿಗೂ ಹಾಕೋ ಮುಂಚೆ ಅವನ ಜೊತೆ ಒಂದು ಮಾತಾಡಿ ಅಂತ ಕೇಳ್ಕೊಳ್ಳೋಕೆ ಬಂದೆ. ಕೆಲಸದವರು ಓಡಾಡೋ ಹಿಂದಿನ ಬಾಗಿಲಿಂದ. ಬಂದು ನೋಡಿದ್ರೆ ಇವನು ಇವರನ್ನ ಎಳ್ಕೊಂಡು ಬರ್ತಿದಾನೆ."

"ಆಮೇಲೆ?"

"ಇವರ ತಲೆ ನನ್ನ ತೊಡೆ ಮೇಲೆ ಇಟ್ಕೊಂಡೆ. ಇವನು ಓಡಿದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ರು. ನನ್ನ ನೋಡಿ, ನೀನ್ಯಾಕೆ ಇಲ್ಲಿ ಅಂದ್ರು. ಅಷ್ಟೇ. ಬೈಲಿಲ್ಲ. ನನ್ನ ಕೈ ಹಿಡ್ಕೊಂ‌ಡ್ರು."

ದಫೇದಾರರು ಏದುಸಿರು ಬಿಡುತ್ತಾ ಹಿಂತಿರುಗಿ ಬಂದು ನಿಂತರು.

"ಗುಂಡಿಯಿಂದ ಯಾರೋ ಕೂಗಿದ್ರು," ಎಂದರು ಆಕೆ.

"ಗುಂಡಿಯೊಳಗಿಂದಾನಾ?"

"ಒಳಗಿಂದಾನೇ. ಕಾಲು ಸಿಕ್ಕಿಹಾಕ್ಕೊಂಡಿದೆ, ಬನ್ನಿ ಅಂತ. ಗಂಡಸಿನ ದನಿ. ಮುಖಕ್ಕೆ ಬಟ್ಟೆ ಅಡ್ಡ ಇಟ್ಕೊಂಡ ಹಾಗೆ. ಇವರು ಎದ್ದುಬಿಟ್ರು. ನಿಲ್ಲೋಕೂ ಆಗ್ತಿರ್ಲಿಲ್ಲ, ಗೋಡೆ ಹಿಡ್ಕೊಂಡು ಎದ್ರು. ನಾನು ತೋಳು ಹಿಡ್ಕೊಂಡೆ, ಹೋಗಬೇಡಿ ಅಂದೆ. ಕಾಲರಿನ ಆ ಪೆಟ್ಟಿಗೆ ಮುಟ್ಟಿ ನೋಡ್ಕೊಂಡ್ರು. ಇದು ಸುಮ್ಮನಿದೆಯಲ್ಲೇ, ಗ್ಯಾಸು ಹೋಗಿದೆ, ಹೆದರಬೇಡ ಅಂದ್ರು."

ಗುತ್ತಿಗೆದಾರ ಕಾಂಕ್ರೀಟು ಪೀಠಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡ. ಆ ಪೆಟ್ಟಿಗೆಯನ್ನು ಸುಮ್ಮನಾಗಿಸಿದ್ದು ಅವನೇ.

ಇನ್ಸ್‌ಪೆಕ್ಟರಮ್ಮ ಗುಂಡಿಯ ಕಡೆ ನೋಡಿದರು. ಆ ಹೊತ್ತಿಗೆ ಅದು ಅಂಚಿನವರೆಗೆ ಗ್ಯಾಸು ತುಂಬಿಕೊಂಡಿದ್ದಿರಬೇಕು. ಅದರೊಳಗೆ ನಿಂತು ಕೂಗಬೇಕಾದರೆ ಮುಖಕ್ಕೆ ಗಾಳಿಯ ಮುಖವಾಡ ಇರಬೇಕು. ಮುಖವಾಡ ಹಾಕಿಕೊಂಡವನು ಸಿಕ್ಕಿಹಾಕಿಕೊಂಡು ಕೂಗಿದ್ದಲ್ಲ.

"ನೀವು ಏನು ಮಾಡಿದ್ರಿ?"

"ಜನರನ್ನ ಕರೆಯೋಕೆ ಓಡಿದೆ. ನನಗೆ ಇಲ್ಲಿ ದಾರಿ ಗೊತ್ತಿಲ್ಲ. ಯಾವುದೋ ಗೋಡೌನಿಗೆ ಹೋಗಿ, ತಿರುಗಿ, ವಾಪಸ್ ಬರೋ ಹೊತ್ತಿಗೆ ಗುಂಡಿ ಸುತ್ತ ಜನ ನಿಂತಿದ್ರು. ಒಬ್ಬರನ್ನೇ ಮೇಲೆತ್ತಿದ್ರು."

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

ಆಕೆ ಅಂಗಿಯನ್ನು ಎದೆಗೆ ಒತ್ತಿಕೊಂಡರು. ಕಣ್ಣು ತಮ್ಮನ ಮೇಲೆ ಹೋಗಿ, ಅಲ್ಲಿ ನಿಲ್ಲಲಾರದೆ ವಾಪಸು ಬಂತು.

"ಗಂಡ ಹೋದ್ರು. ಇವನೂ ಹೋದ್ರೆ ನನಗೆ ಅಂತ ಯಾರು ಇದ್ದಾರೆ?"

"ಅಕ್ಕ." ಅವನು ಮುಖದಿಂದ ಕೈ ತೆಗೆದ. ನಿಧಾನವಾಗಿ ಅರ್ಥವಾಗುತ್ತಿರುವವನ ಮುಖ. "ಅಕ್ಕ, ನಾನು ಅಂತ ತಿಳ್ಕೊಂಡಿದ್ಯಾ? ನಾನು ನಿನ್ನನ್ನ... ಹೇಗೆ ಹೇಳ್ಲಿ. ನನ್ನ ಉಳಿಸೋಕೆ ನೀನೇ ಏನೋ ಮಾಡಿಬಿಟ್ಟೆ ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

"ನಾನಾ? ನಾನು ಅವರನ್ನ?"

"ನಾನು ಗುಂಡಿಗೆ ಇಳಿದೇ ಇಲ್ಲ ಕಣೆ. ಗೇಟಿನಲ್ಲಿದ್ದೆ."

"ಅದು ನಿಜ ಮೇಡಂ," ಎಂದರು ದಫೇದಾರರು ಮೆಲ್ಲಗೆ. "ಗೇಟಿನವನು ಅವತ್ತೇ ಹೇಳಿದ್ದ. ಇವರ ಕೈ ನಡುಗಿ ನಂಬರ್ ಒತ್ತೋಕೆ ಆಗದೆ ಅವನೇ ಒತ್ತಿ ಕೊಟ್ಟನಂತೆ. ಹೆಣ ಸಿಕ್ಕ ಸುದ್ದಿ ಬರೋ ತನಕ ಅವನ ಪಕ್ಕದಲ್ಲೇ ಇದ್ರು."

ಅಂಗಳದಾಚೆ ಟ್ಯಾಂಕರು ದೀರ್ಘವಾಗಿ ಉಸಿರು ಬಿಟ್ಟಿತು.

ಮೇಷ್ಟ್ರ ಹೆಂಡತಿ ಗುಂಡಿಯನ್ನು ನೋಡಿದರು, ತಮ್ಮನನ್ನು ನೋಡಿದರು. ಇಷ್ಟು ದಿನ ಹಿಡಿದುಕೊಂಡಿದ್ದ ಒಂದು ಭಾರ ಮುಖದಿಂದ ಇಳಿಯಿತು. ಇಳಿದ ಜಾಗಕ್ಕೆ ಬೇರೆ ಇನ್ನೇನೋ ಬಂದು ಕೂತಿತು. ಅಂಗಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ನೀನಲ್ದೆ ಹೋದ್ರೆ," ಎಂದರು, "ಆ ಗುಂಡಿಯಿಂದ ಅವರನ್ನ 'ಭಾವಾ' ಅಂತ ಕರೆದಿದ್ದು ಯಾರೋ?"